ಆಸ್ಪತ್ರೆ ಚೀಟೀಲಿ ‘ಬಿದ್ದು ಪೆಟ್ಟು’ ಅಂತ ಬರೆಸಿಬಿಟ್ವಿ, ಈಗ ಕ್ಲೇಮ್ ಆಗುತ್ತಾ?

ಭಟ್ಟಿ ಹುಡುಗ, ದಾವಣಗೆರೆ:
ಶನಿವಾರ ಚಿತ್ರದುರ್ಗದಿಂದ ಗೆಳೆಯನ ಕಾರಲ್ಲಿ ಬರ್ತಿದ್ದೆ. ಆನಗೋಡು ಹತ್ರ ಹೈವೇಲಿ ಹಿಂದಿನಿಂದ ಒಂದು ಕಾರು ಗುದ್ದಿತು. ನನ್ನ ಬಲಗಡೆ ಕಾಲರ್ ಬೋನ್ ಮುರಿದು ಪ್ಲೇಟ್ ಹಾಕಿದಾರೆ. ಗುದ್ದಿದವನು ಆಸ್ಪತ್ರೆವರೆಗೂ ಬಂದು, “ಪೊಲೀಸ್ ಗಿಲೀಸ್ ಬೇಡ ಅಣ್ಣ, ಮೂವತ್ತು ಸಾವಿರ ಕೊಡ್ತೀನಿ” ಅಂದ. ನಮ್ಮ ಭಾವ ಅದನ್ನ ನಂಬಿ “ಮೆಟ್ಟಿಲಿಂದ ಬಿದ್ರು” ಅಂತ ಬರೆಸಿದ್ರು. ಇವತ್ತಿಗೆ ಐದು ದಿನ. ದುಡ್ಡೂ ಇಲ್ಲ, ಫೋನೂ ಎತ್ತಲ್ಲ.
ನಮ್ದು ಮಂಡಕ್ಕಿ ಭಟ್ಟಿ. ಬಲಗೈ ಆಡದೆ ಬಾಣಲಿ ಮುಂದೆ ನಿಲ್ಲೋಕಾಗಲ್ಲ, ದಿನಕ್ಕೆ 700 ಕೊಟ್ಟು ಆಳಿಟ್ಟಿದೀನಿ. ಸಂಬಳದ ಚೀಟಿ ಅಂದ್ರೆ ಏನಂತಾನೇ ಗೊತ್ತಿಲ್ಲ ನಮಗೆ.

ಕೆರೆ ಏರಿ:
ಕೋರ್ಟು ಅಂದ್ರೆ ವರ್ಷಗಟ್ಲೆ ಅಲೆದಾಟ. ಅವನ ಮನೆ ಹುಡುಕಿ ಮೂವತ್ತು ಸಾವಿರ ಇಸ್ಕಳಿ ಸಾಕು.

ಹರಿಹರದ ಹಳೇ ಡ್ರೈವರ್:
ಮೇಲಿನವರ ಮಾತು ಕೇಳಬೇಡಿ ತಮ್ಮಾ. ಆ ಪ್ಲೇಟ್ ಮುಂದೆ ತೆಗೆಸಬೇಕಾಗಿ ಬಂದ್ರೆ ಇನ್ನೊಂದು ಆಪರೇಷನ್. ಅದಕ್ಕೆ ಯಾರು ಕೊಡ್ತಾರೆ?
ನನಗೂ ಇದೇ ಆಗಿತ್ತು. ಚೀಟೀಲಿ “ಬೈಕಿಂದ ಬಿದ್ದು” ಅಂತ ಒಂದೇ ಸಾಲು. ಇನ್ಶೂರೆನ್ಸ್ ವಕೀಲ ಅದನ್ನೇ ನನ್ನ ಮುಖಕ್ಕೆ ಹಿಡಿದು ಮೂರು ಸಲ ಓದಿಸಿದ.
ನೀವು ಇವತ್ತೇ ಸ್ಟೇಷನ್ನಿಗೆ ಹೋಗಿ. ತಡ ಯಾಕಾಯ್ತು, ಮೆಟ್ಟಿಲು ಅಂತ ಯಾಕೆ ಬರೆಸಿದ್ರಿ, ಎಲ್ಲಾ ದೂರಲ್ಲೇ ಇದ್ದದ್ದು ಇದ್ದಂಗೆ ಬರೀರಿ. ದೂರು ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆಸ್ಪತ್ರೆಗೂ ಒಂದು ಅರ್ಜಿ ಕೊಟ್ಟು ಎಂಎಲ್‌ಸಿ (ಇದು ಪೊಲೀಸ್ ಕೇಸು ಅಂತ ಆಸ್ಪತ್ರೆಯವರು ಬರೆಯೋ ದಾಖಲೆ) ಮಾಡಿಸಿ. ಹಳೇ ಚೀಟಿ ಮೇಲೆ ಯಾರ ಕೈಲೂ ತಿದ್ದಿಸಬೇಡಿ, ಅದು ಇನ್ನೂ ಕೇಡು.
ಗೆಳೆಯನ ಕಾರು ಗ್ಯಾರೇಜಿಗೆ ಹೋಗಿದ್ರೆ ಕೆಲಸ ನಿಲ್ಲಿಸಿ. ಹಿಂದಿನ ಬಂಪರ್ ಹೆಂಗಿದೆಯೋ ಹಂಗೇ ಇರಲಿ, ಮೋಟಾರು ಇನ್‌ಸ್ಪೆಕ್ಟರ್ ನೋಡಬೇಕು. ಹೆಬ್ಬಾಳು ಟೋಲಿನ ಫಾಸ್ಟ್ಯಾಗ್ ಮೆಸೇಜ್ ಇದ್ರೆ ಅಳಿಸಬೇಡಿ.

ಕೋರ್ಟ್ ಗುಮಾಸ್ತ:
ಪರಿಹಾರ ಬರೋದು ಗುದ್ದಿದ ಕಾರಿನ ಥರ್ಡ್ ಪಾರ್ಟಿ ಇನ್ಶೂರೆನ್ಸಿಂದ, ಆ ನಂಬರ್ ಸಿಕ್ಕಿದ್ರೆ ಅರ್ಧ ಕೆಲಸ ಆದಂಗೆ. ನೀವಿರೋ ಊರಲ್ಲೇ, ಅಂದ್ರೆ ದಾವಣಗೆರೇಲೇ ಅರ್ಜಿ ಹಾಕಬಹುದು. ಅಪಘಾತ ಆಗಿ ಆರು ತಿಂಗಳೊಳಗೆ ಹಾಕಬೇಕು ಅನ್ನೋ ಗಡುವು 2022ರ ಏಪ್ರಿಲ್‌ನಿಂದ ಕಾಯ್ದೆಗೆ ಬಂದಿದೆ, ಕೂರಬೇಡಿ. ಸಂಬಳದ ಚೀಟಿ ಬೇಕೇ ಬೇಕು ಅಂತೇನಿಲ್ಲ. ಭತ್ತ ತಂದ ಬಿಲ್ಲು, ಅಂಗಡಿಯವರು ಫೋನ್‌ಪೇ ಮಾಡಿದ್ದು, ಆಳಿಗೆ ಕೊಟ್ಟ 700ರ ಲೆಕ್ಕ ಎಲ್ಲಾ ಒಂದು ಕವರಲ್ಲಿ ಹಾಕಿಡಿ. ಖಾಲಿ ಹಾಳೆ ಮೇಲೆ ಯಾರು ಕೇಳಿದ್ರೂ ಸಹಿ ಹಾಕಬೇಡಿ, ನಿಮ್ಮ ವಕೀಲರೇ ಕೇಳಿದ್ರೂ!

ಭಟ್ಟಿ ಹುಡುಗ:
ದೂರು ಕೊಟ್ಟು ಬಂದೆ ಅಣ್ಣ. ಬಂಪರ್ ಆಗಲೇ ಬಿಚ್ಚಿದ್ರು, ಪುಣ್ಯಕ್ಕೆ ಗುಜರಿಗೆ ಹಾಕಿರಲಿಲ್ಲ. ಚೀಟಿ ಓದಿದ ಪೇದೆ ಭಾವನ ಕಡೆ ತಿರುಗಿ, “ಆನಗೋಡು ಹೈವೇಲಿ ಮೆಟ್ಟಿಲು ಎಲ್ಲೈತ್ರೀ ಯಜಮಾನ್ರೇ?” ಅಂದ್ರು. ಭಾವ ಈಗ ನನ್ನ ಹತ್ರ ಮಾತಾಡ್ತಿಲ್ಲ.