ಸಹಾಯ ಬೇಕು: ಶಾಲೆಯ ದೂರು ಪೆಟ್ಟಿಗೆ ಎಲ್ಲಿಡಬೇಕು, ಯಾರು ತೆರೆಯಬೇಕು?

ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಟೀಚರ್ ನಾನು. ನಮ್ಮಲ್ಲಿ ದೂರು ಪೆಟ್ಟಿಗೆ ಇದೆ, ಆದರೆ ಇರುವುದು ಸ್ಟಾಫ್ ರೂಮ್ ಬಾಗಿಲ ಪಕ್ಕ, ಬೀಗದ ಕೈ ಹೆಡ್‌ಮಾಸ್ಟರ್ ಹತ್ತಿರ. ಅಲ್ಲಿ ನಿಂತು ಯಾವ ಮಗು ಚೀಟಿ ಹಾಕುತ್ತೆ ಹೇಳಿ? ಮೊನ್ನೆ ರೆಕಾರ್ಡ್ ಪುಸ್ತಕಗಳ ಮಧ್ಯೆ ಹೆಸರಿಲ್ಲದ ಚೀಟಿಯೊಂದು ಸಿಕ್ಕಿತು: 'ನಮ್ಮ ಟಾಯ್ಲೆಟ್ ಚಿಲಕ ಮುರಿದಿದೆ ಮಿಸ್, ಅದಕ್ಕೇ ಸಂಜೆವರೆಗೂ ನೀರು ಕುಡಿಯಲ್ಲ.' ಚಿಲಕ ಹಾಕಿಸಿದ್ದಾಯ್ತು. ಇಂಥವು ಇನ್ನೆಷ್ಟಿವೆಯೋ!

1098 ಮಕ್ಕಳ ಸಹಾಯವಾಣಿ ನಂಬರ್ ಗೋಡೆ ಮೇಲಿದೆ, ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ವಿಷಯವಾದರೆ ಪೊಲೀಸರಿಗೆ ತಿಳಿಸಲೇಬೇಕು, ಅದೂ ಗೊತ್ತು. ನಾನು ಕೇಳುತ್ತಿರುವುದು ದಿನನಿತ್ಯದ ದೂರುಗಳ ಬಗ್ಗೆ. ನಿಮ್ಮಲ್ಲಿ ಪೆಟ್ಟಿಗೆ ಎಲ್ಲಿದೆ, ಯಾರೆದುರು ತೆರೆಯುತ್ತೀರಿ, ಕೈಬರಹ ನೋಡಿ 'ಇದು ಯಾರದ್ದು' ಅಂತ ಹುಡುಕುವವರನ್ನು ಹೇಗೆ ತಡೆದಿರಿ? ಮಕ್ಕಳ ಗ್ರಾಮಸಭೆಯಲ್ಲಿ ಇಂಥದ್ದು ಎತ್ತಿ ಪಂಚಾಯಿತಿಯಿಂದ ಕೆಲಸ ಆಗಿದ್ದರೆ ಅದನ್ನೂ ಬರೆಯಿರಿ. ಸುಮ್ನೆ ಸುತ್ತೋಲೆ ಫಾರ್ವರ್ಡ್ ಮಾಡಬೇಡಿ, ಪ್ಲೀಸ್.