ಸಹಾಯ ಬೇಕು: ಕ್ಯೂಜಿಐಎಸ್‌ನಲ್ಲಿ ಕೆರೆ ನಕ್ಷೆ, 78 ಡಿಗ್ರಿಯ ತಲೆನೋವು

ಎಲ್ಲರಿಗೂ ನಮಸ್ಕಾರ. ನಾವು ಮೂರು ಜನ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳ ನಕ್ಷೆ ಮಾಡುತ್ತೇವೆ. ಹಳೆಯ ಸಾಫ್ಟ್‌ವೇರ್‌ನ ಲೈಸೆನ್ಸ್ ಮುಗಿಯಿತು. ಮತ್ತೆ ದುಡ್ಡು ಕಟ್ಟಲು ಕೈಲಾಗಲ್ಲ, ಹಾಗಾಗಿ ನಕ್ಷೆ ಮಾಡುವ ಉಚಿತ ಸಾಫ್ಟ್‌ವೇರ್ ಕ್ಯೂಜಿಐಎಸ್ ಹಾಕಿಕೊಂಡೆವು. ನಮ್ಮ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತಿದೆ, ಅದೇ ದೊಡ್ಡದು!

ಮೊದಲ ದಿನವೇ ಒಂದು ಕೆರೆಯ ವಿಸ್ತೀರ್ಣ ತೆಗೆದರೆ 0.00004 ಅಂತ ಬಂತು. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಲೇಯರ್ (ನಕ್ಷೆಯ ಪದರ) ಮೀಟರ್ ಬದಲು ಅಕ್ಷಾಂಶ-ರೇಖಾಂಶದ ಡಿಗ್ರಿಯಲ್ಲಿತ್ತು (ಆ ಅಳತೆ ಪದ್ಧತಿಯ ಕೋಡ್ ಇಪಿಎಸ್‌ಜಿ 4326). ಭೂಮಿಯನ್ನು ರೇಖಾಂಶದ ಪಟ್ಟಿಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪದ್ಧತಿಯ ವಲಯ 43ಕ್ಕೆ, ಅಂದರೆ ಕೋಡ್ 32643ಕ್ಕೆ ಬದಲಿಸಿದೆ, ಚದರ ಮೀಟರ್ ಸರಿಯಾಗಿ ಬಂತು. ಆದರೆ 78 ಡಿಗ್ರಿ ರೇಖಾಂಶ ದಾಟಿದರೆ ವಲಯ 44 ಅಲ್ವಾ? ಚಿಕ್ಕಬಳ್ಳಾಪುರ ಈಚೆ, ಕೋಲಾರ ಊರು ಆಚೆ. ಎಲ್ಲ ಕೆರೆಗಳನ್ನೂ 43ರಲ್ಲೇ ಇಟ್ಟರೆ ವಿಸ್ತೀರ್ಣ ಜಾಸ್ತಿ ತಪ್ಪುತ್ತಾ? ಇಲ್ಲ, ಎರಡು ಫೈಲ್ ಮಾಡಲೇಬೇಕಾ?

ಇನ್ನೊಂದು. ಹಳೆಯ ಶೇಪ್‌ಫೈಲ್‌ಗಳಲ್ಲಿ (ನಕ್ಷೆಯ ಮಾಹಿತಿ ಇಡುವ ಫೈಲ್) ಕೆರೆಗಳ ಹೆಸರು ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟ್‌ನಲ್ಲಿವೆ. ಕ್ಯೂಜಿಐಎಸ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಿಚಡಿ. ಯೂನಿಕೋಡ್‌ಗೆ ಬದಲಿಸಿ ಜಿಯೋಪ್ಯಾಕೇಜ್ ಅನ್ನೋ ಹೊಸ ಬಗೆಯ ನಕ್ಷೆ ಫೈಲ್‌ನಲ್ಲಿ ಉಳಿಸುವ ಯೋಚನೆ ಇದೆ. ಒಂದೊಂದೇ ಹೆಸರು ಕಾಪಿ ಮಾಡದೆ ಇಡೀ ಕಾಲಮ್ಮನ್ನು ಒಟ್ಟಿಗೆ ಬದಲಿಸಿದವರು ಯಾರಾದರೂ ಇದ್ದೀರಾ? ಹೇಗೆ ಮಾಡಿದಿರಿ ಅಂತ ದಯವಿಟ್ಟು ತಿಳಿಸಿ.