ಅಷ್ಟು ದೀಪ, ಬೋರ್ಡು ಇದ್ದೂ ತಪ್ಪು ರನ್‌ವೇಗೆ ಹೋಗುವುದು ಹೇಗೆ?

ಅಂಕೋಲಾದಿಂದ ಪ್ರಶ್ನೆ:
ನಮ್ಮೂರ ಹತ್ತಿರದ ಅಲಗೇರಿ ವಿಮಾನ ನಿಲ್ದಾಣದ ಮಾತು ಬಂದಾಗೆಲ್ಲ ಇದೇ ಅನುಮಾನ. ಪೈಲಟ್‌ಗೆ ದಾರಿ ತಪ್ಪುವುದು ಎಲ್ಲಿ?

ಕಾರವಾರದಿಂದ ಉತ್ತರ:
2006ರ ಆಗಸ್ಟ್ 27, ಅಮೆರಿಕದ ಲೆಕ್ಸಿಂಗ್ಟನ್. ಪ್ರಯಾಣಿಕ ವಿಮಾನವೊಂದು ಏರಬೇಕಿದ್ದದ್ದು 22ನೇ ರನ್‌ವೇಯಿಂದ, ಹೋದದ್ದು ಅರ್ಧದಷ್ಟೇ ಉದ್ದದ 26ಕ್ಕೆ. ಬೆಳಗಿನ ಕತ್ತಲು, ಆ ರನ್‌ವೇಯಲ್ಲಿ ದೀಪವೂ ಉರಿಯುತ್ತಿರಲಿಲ್ಲ. 49 ಜನ ಸತ್ತರು. ರನ್‌ವೇ ಸಂಖ್ಯೆಯ ಕೊನೆಗೆ ಸೊನ್ನೆ ಸೇರಿಸಿದರೆ ಅದರ ದಿಕ್ಕು: 22 ಅಂದರೆ ಸುಮಾರು 220 ಡಿಗ್ರಿ. ಥ್ರಾಟಲ್ (ಎಂಜಿನ್ ಶಕ್ತಿ ಏರಿಸುವ ಹಿಡಿ) ಮುಟ್ಟುವ ಮೊದಲು ದಿಕ್ಸೂಚಿ ನೋಡಿದ್ದರೆ 40 ಡಿಗ್ರಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿತ್ತು. ನನ್ನ ಮಟ್ಟಿಗೆ ಇದಕ್ಕಿಂತ ಅಗ್ಗದ ರಕ್ಷಣೆ ಇಲ್ಲ.

ಶಿರಸಿ:
ಇನ್ನೊಂದು ತಪ್ಪು, ಅನುಮತಿ ಇಲ್ಲದೆ ರನ್‌ವೇ ದಾಟುವುದು. ಟ್ಯಾಕ್ಸಿವೇ, ಅಂದರೆ ರನ್‌ವೇಗೆ ಹೋಗಿಬರುವ ದಾರಿ, ಮುಗಿಯುವಲ್ಲಿ ನಾಲ್ಕು ಹಳದಿ ಗೆರೆ ಇರ್ತದೆ. ಅಖಂಡ ಗೆರೆ ಎರಡು ನಮ್ಮ ಕಡೆ ಇದ್ದರೆ ನಿಲ್ಲಬೇಕು; ತುಂಡು ಗೆರೆ ನಮ್ಮ ಕಡೆ ಇದ್ದರೆ ರನ್‌ವೇಯಿಂದ ಹೊರಬರುತ್ತಿದ್ದೇವೆ ಎಂದರ್ಥ. ‘ಹೋಲ್ಡ್ ಶಾರ್ಟ್’ (ರನ್‌ವೇಗೆ ಮೊದಲೇ ನಿಲ್ಲಿ) ಆದೇಶವನ್ನು ರನ್‌ವೇ ಸಂಖ್ಯೆ ಸಮೇತ ಮರಳಿ ಹೇಳಲೇಬೇಕು, ಬರೀ ‘ರೋಜರ್’ (ಕೇಳಿಸಿತು) ಸಾಲದು.

ಅಂಕೋಲಾ:
ನಮ್ಮ ಆಷಾಢದ ಮಳೆಗೆ ಆ ಗೆರೆ ಕಾಣ್ತದಾ ಸರ್?

ಶಿರಸಿ:
ಒದ್ದೆ ನೆಲದಲ್ಲಿ ಬಣ್ಣ ಮಂಕಾಗ್ತದೆ. ಅದಕ್ಕೇ ಸ್ಟಾಪ್ ಬಾರ್, ಅಡ್ಡಲಾಗಿ ಕೆಂಪು ದೀಪದ ಸಾಲು. ಅದು ಉರಿಯುತ್ತಿರುವಾಗ ಟವರ್ (ನಿಲ್ದಾಣದ ನಿಯಂತ್ರಣ ಕೊಠಡಿ) ‘ಹೋಗಿ’ ಅಂದರೂ ದಾಟಬಾರದು, ಮತ್ತೆ ಕೇಳಬೇಕು.